ಅಕ್ಟೋಬರ್ ಚಾಟ್ನಿ

ಒಂದು ಕಪ್ ಚಹಾಕ್ಕೆ ಕೆಟಲಿಯಲ್ಲಿ ಎಷ್ಟು ನೀರು ಹಿಡಿಯಬೇಕು ಎಂಬುದು, ಇಂಗ್ಲೆಂಡಿಗೆ ಬಂದು ಆರು ತಿಂಗಳು ತುಂಬುತ್ತ ಬಂದರೂ, ಬಾಬಾಸಾಹೇಬನಿಗೆ ಬಗೆಹರಿದಿರಲಿಲ್ಲ. ಕೆಟಲಿಯ ಹೊಟ್ಟೆಯ ಮೇಲೆ ಒಂದು ಗೆರೆಯಿತ್ತು; ಅದಕ್ಕಿಂತ ಕಡಿಮೆ ಹಾಕಿದರೆ ಕೆಟಲಿ ಸುಡುತ್ತದೆಂದು ಮಗಳು ಕೋಮಲ ಎಚ್ಚರಿಸಿದ್ದಳು. ಗೆರೆ ಮುಟ್ಟುವವರೆಗೆ ಹಾಕಿದರೆ ಎರಡು ಕಪ್ ಆಗುತ್ತಿತ್ತು. ಕುಡಿಯುವವನು ಒಬ್ಬ. ಉಳಿದೊಂದು ಕಪ್ ನೀರು ಸುಮ್ಮನೆ ಕುದಿದು, ಸುಮ್ಮನೆ ಆರಿ, ಯಾರಿಗೂ ಬೇಡವಾಗಿ ಕೂರುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಅಂಗೈಯಗಲದ ಒಂದು ಪರದೆ ನಿಂತಿತ್ತು. ಮನೆಯಲ್ಲಿ ಈ ಗಳಿಗೆಗೆ ಎಷ್ಟು ಕರೆಂಟು ಉರಿಯಿತು, ಅದಕ್ಕೆಷ್ಟು ಪೆನ್ನಿಯಾಯಿತು ಎಂಬುದನ್ನು ಅದು ಹಗಲಿಡೀ ತೋರಿಸುತ್ತಿತ್ತು: ಯಾರೂ ಏನೂ ಮಾಡದಿದ್ದರೆ ಹಸಿರು, ದೀಪ ಹಚ್ಚಿದರೆ ಹಳದಿ, ಕೆಟಲಿಯ ಗುಂಡಿ ಒತ್ತಿದರೆ ಕೆಂಪು. ಕಾಗವಾಡದ ಮಗ್ಗುಲಿನ ತನ್ನ ದ್ರಾಕ್ಷಿ ತೋಟದಲ್ಲಿ ಮೀಟರಿನ ಮುಖವನ್ನೇ ಕಾಣದ ಪಂಪಿನಿಂದ ಮೂವತ್ತೈದು ವರ್ಷ ನೀರು ಹಾಯಿಸಿದ ಮನುಷ್ಯ, ಒಂದು ಕಪ್ ಚಹಾಕ್ಕೆ ಕೆಂಪಗಾಗುವ ಆ ಪರದೆಯ ಎದುರು ಕಳ್ಳನ ಹಾಗೆ ನಿಲ್ಲುತ್ತಿದ್ದ. ಒಮ್ಮೊಮ್ಮೆ ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಗುಂಡಿ ಒತ್ತಿದ್ದೂ ಉಂಟು. ಗೋಡೆಯೇ ಕೆಂಪಗಾಯಿತು.

ಇಂದು ರವಿವಾರ. ಕೆಂಪಿಗಿಂತ ದೊಡ್ಡದಾದ ಒಂದು ಭಯ ಇಂದು ಅವನಿಗಾಗಿ ನಾಲ್ಕು ಗಂಟೆಗೆ ಕಾದಿತ್ತು. ಹಿತ್ತಲ ಗೋಡೆಯಾಚೆಯ ಮನೆಯ ಮುದುಕಿ, ಶನಿವಾರ ಊರಿಗೆ ಹೊರಡುವವನನ್ನು ಹೊರಡುವ ಮೊದಲು ಒಮ್ಮೆ ಚಹಾಕ್ಕೆ ಕರೆದಿದ್ದಳು. ಅವಳ ಹೆಸರು ಡೊರೊಥಿ. ಮೊದಲ ವಾರ ಈ ಹೆಸರನ್ನು ಫೋನಿನಲ್ಲಿ ಹೆಂಡತಿ ಕಸ್ತೂರೆವ್ವನಿಗೆ ಹೇಳಿದಾಗ ಆಕೆ, "ದುರ್ಪತಿ ಅನ್ನಾಕ ಬಾಯಿ ತಿರಗವಲ್ದೇನ್ರಿ ಅವರಿಗೆ?" ಎಂದು ಕೇಳಿದ್ದಳು. ದ್ರೌಪದಿಗೆ ಅವರ ಕಡೆಯ ಹೆಸರು ದುರ್ಪತಿ; ಅಂದಿನಿಂದ ಆ ಮುದುಕಿ ಈ ಮನೆಯೊಳಗೆ ದುರ್ಪತವ್ವನಾಗಿಬಿಟ್ಟಿದ್ದಳು. ಎಪ್ಪತ್ತೆಂಟರ ವಿಧವೆ, ಹಿತ್ತಲಲ್ಲಿ ಒಂದು ಗಾಜಿನ ಮನೆ, ಗಾಜಿನ ಮನೆಯಲ್ಲಿ ಒಂದು ದ್ರಾಕ್ಷಿ ಬಳ್ಳಿ. ಆ ಬಳ್ಳಿಯನ್ನು ಬಾಬಾಸಾಹೇಬ ಅಕ್ಟೋಬರ್ ತಿಂಗಳಲ್ಲಿ ತನ್ನ ಎರಡು ಕೈಯಾರೆ ಕೊಂದಿದ್ದ. ಕೊಂದದ್ದಕ್ಕೆ ಇಪ್ಪತ್ತು ಪೌಂಡ್ ಕೂಲಿ ತೆಗೆದುಕೊಂಡಿದ್ದ. ಆ ಕೂಲಿಯ ಮೇಲೆ ಮಗಳ ಮನೆಯಲ್ಲಿ ಐದು ತಿಂಗಳು ಉಂಡಿದ್ದ.

ಮಗಳಿಗೆ ಮಕ್ಕಳಾಗುವವರೆಗೆ ಹಡೆದವರು ಅವಳ ಮನೆಯಲ್ಲಿ ಬಿಟ್ಟಿ ಉಣ್ಣಬಾರದು. ಉಂಡರೆ ಅದಕ್ಕೆ ತಕ್ಕುದನ್ನು ಅವಳ ಕೈಯಲ್ಲಿಟ್ಟು ಏಳಬೇಕು. ಕೃಷ್ಣೆಯ ದಂಡೆಯ ಒಕ್ಕಲು ಮನೆತನಗಳಲ್ಲಿ ಇದನ್ನು ಪಾಲಿಸುವವರು ಈಗ ಕಡಿಮೆ. ಪಾಲಿಸುವವರೂ ನೂರರ ನೋಟೊಂದನ್ನು ತಾಟಿನ ಅಂಚಿನಡಿ ಸಿಕ್ಕಿಸಿ ಮುಗಿಸುತ್ತಾರೆ. ಬಾಬಾಸಾಹೇಬನ ಮನೆತನದಲ್ಲಿ ಮಾತ್ರ ಇದಕ್ಕೊಂದು ಕಥೆಯಿತ್ತು. ಕಥೆಯಿದ್ದುದರಿಂದ ತಪ್ಪಿಸಿಕೊಳ್ಳಲು ಬರುತ್ತಿರಲಿಲ್ಲ. ಅವನ ಮುತ್ಯಾ, ಅಂದರೆ ತಂದೆಯ ತಂದೆ, ಹೊಸದಾಗಿ ಮದುವೆಯಾದ ಮಗಳನ್ನು ನೋಡಲು ದಿಗ್ಗೇವಾಡಿಗೆ ಹೋದ ದಿನವೇ ಹೊಳೆ ಬಂತು, ದಾರಿ ಮುಳುಗಿತು, ಒಂಬತ್ತು ದಿನ ಅಲ್ಲೇ ಸಿಕ್ಕಿಬಿದ್ದ. ಕಸ್ತೂರೆವ್ವ ತನ್ನ ಅತ್ತೆಯ ಬಾಯಿಂದ ಕೇಳಿ ಹೇಳುವ ಪಾಠದಲ್ಲಿ ಮುತ್ಯಾ ತಾನು ಕಟ್ಟಿಕೊಂಡು ಹೋಗಿದ್ದ ಬುತ್ತಿಯ ಒಂಬತ್ತು ರೊಟ್ಟಿಗಳನ್ನೇ ದಿನಕ್ಕೊಂದರಂತೆ ಮುರಿದು ತಿನ್ನುತ್ತಾನೆ. ಕೊನೆಯ ರೊಟ್ಟಿಗೆ ಬೂಸು ಹಿಡಿದಿರುತ್ತದೆ, ಅದನ್ನೂ ಬಿಡುವುದಿಲ್ಲ. ತಮ್ಮ ಈಶ್ವರ ಹೇಳುವ ಪಾಠದಲ್ಲಿ ಮಗಳ ಮನೆಯ ಅನ್ನವನ್ನೇ ಉಣ್ಣುತ್ತಾನೆ, ಆದರೆ ಪ್ರತಿ ಊಟಕ್ಕೆ ಮೊದಲು ಬೀಗರ ದನದ ಕೊಟ್ಟಿಗೆ ಬಳಿದು ಒಂದು ಹೊರೆ ಮೇವು ಕತ್ತರಿಸಿ ಹಾಕುತ್ತಾನೆ. ಒಂಬತ್ತನೆಯ ದಿನಕ್ಕೆ ಎರಡೂ ಪಾಠಗಳು ಒಂದೇ ಕಡೆ ಬಂದು ಕೂಡುತ್ತವೆ: ನೀರು ಇಳಿದ ಮುಂಜಾನೆ ಮುತ್ಯಾ ಸೊಂಟದ ಬೆಳ್ಳಿಯ ಉಡದಾರ ಬಿಚ್ಚಿ ಮಗಳ ಉಡಿಯಲ್ಲಿ ಹಾಕಿ, ತಿರುಗಿ ನೋಡದೆ ಊರಿನ ದಾರಿ ಹಿಡಿದ. ಬಾಬಾಸಾಹೇಬ ಈ ಕಥೆಯನ್ನು ಕೇಳಿಯೇ ಬೆಳೆದಿದ್ದ. ಕೇಳುವಾಗಲೆಲ್ಲ ಎಂಟು ವರ್ಷದ ಅವನ ಕೈ ತಾನಾಗಿ ತನ್ನ ಸೊಂಟಕ್ಕೆ ಹೋಗುತ್ತಿತ್ತು. ಅಲ್ಲಿ ಬರೀ ಕರಿದಾರವಿತ್ತು.

ಒಂಬತ್ತು ದಿನಕ್ಕೆ ಒಂದು ಉಡದಾರವಾದರೆ ಆರು ತಿಂಗಳಿಗೆ ಏನು? ಬಾಬಾಸಾಹೇಬ ತಾನಾಗಿ ಇಂಗ್ಲೆಂಡಿಗೆ ಬರುವವನೇ ಅಲ್ಲ. ಹರ್ನಿಯಾದ ಆಪರೇಶನ್ ಮಾಡಿದ ಮಿರಜದ ಡಾಕ್ಟರು ಆರು ತಿಂಗಳು ತೋಟಕ್ಕೆ ಕಾಲಿಡಕೂಡದೆಂದಾಗ, ಊರಲ್ಲಿದ್ದರೆ ಇವನು ತೋಟ ಬಿಡುವವನಲ್ಲವೆಂದು ಕಸ್ತೂರೆವ್ವ ಮತ್ತು ಕೋಮಲ ಫೋನಿನಲ್ಲೇ ಒಳಸಂಚು ನಡೆಸಿ, ತೋಟವೇ ಇಲ್ಲದ ದೇಶಕ್ಕೆ ಅವನನ್ನು ಹತ್ತಿಸಿ ಕಳಿಸಿದ್ದರು. "ನಾ ಬಂದ್ರ ಎಮ್ಮಿ ಹಿಂಡಾವ್ರ ಯಾರು?" ಎಂದು ಹೆಂಡತಿ ಹಿಂದುಳಿದಳು. ಕೋಮಲ ಇಲ್ಲಿಯ ದವಾಖಾನೆಯೊಂದರಲ್ಲಿ ನರ್ಸು; ಅವಳ ಗಂಡ, ಏಕಸಂಬಿಯ ದುಂಡೇಶ, ಪಾರ್ಸೆಲ್ಲುಗಳ ಒಂದು ದೊಡ್ಡ ಗೋದಾಮಿನಲ್ಲಿ ಕೆಲಸಗಾರ. ಮದುವೆಯಾಗಿ ನಾಲ್ಕು ವರ್ಷ. ಮಕ್ಕಳಿರಲಿಲ್ಲ, ಅವಸರವೂ ಇರಲಿಲ್ಲ. ಬಂದ ಮೊದಲ ರಾತ್ರಿಯ ಊಟಕ್ಕೆ ಬಾಬಾಸಾಹೇಬ ತಾಟಿನಡಿ ಐನೂರರ ನೋಟಿಟ್ಟು ಎದ್ದ. ಮರುದಿನ ಮಗಳ ಜೊತೆ ಅಂಗಡಿಗೆ ಹೋಗಿ, ಒಂದು ಹಿಡಿ ಕೊತ್ತಂಬರಿಗೆ ತೊಂಬತ್ತು ಪೆನ್ನಿ, ಒಮ್ಮೆ ಕ್ಷೌರಕ್ಕೆ ಹದಿನಾಲ್ಕು ಪೌಂಡ್ ಎಂದು ತಿಳಿದುಕೊಂಡು ಬಂದ ಮೇಲೆ ಆ ಐನೂರರ ನೋಟು ಅವನ ಕಣ್ಣಲ್ಲೇ ಚಿಕ್ಕದಾಗುತ್ತ ಹೋಗಿ ಬಸ್ ಟಿಕೀಟಿನಷ್ಟಾಯಿತು. ಜೋಳದ ಹಿಟ್ಟು ಮುಕ್ಕಾಲು ತಾಸು ಬಸ್ಸಿನಲ್ಲಿ ಕುಳಿತು ಲೀಸ್ಟರಿನಿಂದ ಬರುತ್ತಿತ್ತು. ಒಂದು ರೊಟ್ಟಿಗೆ ಹಿಟ್ಟೆಷ್ಟು, ಬಸ್ಸಿನ ಪಾಲೆಷ್ಟು, ಒಲೆಯ ಕೆಂಪೆಷ್ಟು ಎಂದು ಕೂಡಿಸಿ ನೋಡಿದಂದಿನಿಂದ, ಊರಲ್ಲಿ ಆರು ರೊಟ್ಟಿ ಉಣ್ಣುತ್ತಿದ್ದವನು ಎರಡಕ್ಕೆ ಕೈ ತೊಳೆಯತೊಡಗಿದ. ಸ್ನಾನ ನಾಲ್ಕು ತಂಬಿಗೆಗೆ ಇಳಿಯಿತು. ಮನೆ ಬೆಚ್ಚಗಿಡುವ ಗೋಡೆಯ ಕಬ್ಬಿಣದ ಹಲಗೆಗಳನ್ನು, ಮಗಳು ಅಳಿಯ ಕೆಲಸಕ್ಕೆ ಹೋದೊಡನೆ ಒಂದೊಂದಾಗಿ ತಿರುವಿ ಬಂದ್ ಮಾಡಿ, ಕೋಟು ಟೊಪ್ಪಿಗೆ ಹಾಕಿಕೊಂಡು ಸೋಫಾದ ಮೇಲೆ ಬಸ್ಸು ಕಾಯುವವನಂತೆ ಕುಳಿತಿರುತ್ತಿದ್ದ. "ಎರಡಕ್ಕ ಸಾಕ ಅಂತೀಯಲ್ಲ ಅಪ್ಪಾ, ಆರಾಮ ಇಲ್ಲೇನು?" ಎಂದು ಕೋಮಲ ಕೇಳಿದರೆ, "ಇಲ್ಲಿ ಹವಾ ಹಂಗೈತೆವ್ವಾ, ಹಸಿವ ಆಗಂಗಿಲ್ಲ" ಎನ್ನುತ್ತಿದ್ದ. ಹೊಟ್ಟೆ ಆ ಹೊತ್ತಿಗೆ ಸರಿಯಾಗಿ ಗುರ್ ಎಂದು ಅವನನ್ನು ಹಿಡಿದುಕೊಡುತ್ತಿತ್ತು.

ಆಗ ಅಕ್ಟೋಬರ್ ಬಂತು. ಅಥಣಿ, ಕಾಗವಾಡದ ಕಡೆ ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್ಲಿನಲ್ಲಿ ಹೊಸ ಕಡ್ಡಿ ಬೆಳೆಸಲು ಒಮ್ಮೆ ಕತ್ತರಿಸುವುದು, ಅಕ್ಟೋಬರಿನಲ್ಲಿ ಹಣ್ಣಿಗಾಗಿ ಇನ್ನೊಮ್ಮೆ. ಅಕ್ಟೋಬರಿನ ಕತ್ತರಿ ಬಿದ್ದ ಹತ್ತು ಹನ್ನೆರಡನೆಯ ದಿನ ಕಡ್ಡಿಯ ಕಣ್ಣು ಒಡೆದು ಚಿಗುರು ಇಣುಕುತ್ತದೆ, ಫೆಬ್ರುವರಿಗೆ ಗೊಂಚಲು ತೂಗುತ್ತದೆ. ಇದರಲ್ಲಿ ಅನುಮಾನಕ್ಕೆ ಎಡೆಯುಂಟೆಂದು ಬಾಬಾಸಾಹೇಬನಿಗೆ ಎಂದೂ ಅನಿಸಿರಲಿಲ್ಲ. ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂದು ಯಾರು ಹೊಸದಾಗಿ ವಿಚಾರಿಸುತ್ತಾರೆ? ಮೂವತ್ತೈದು ವರ್ಷದಲ್ಲಿ ಮೊದಲ ಬಾರಿ ಈಶ್ವರ ಒಬ್ಬನೇ ಚಾಟ್ನಿ ಮಾಡುತ್ತಿರುವುದನ್ನು ಫೋನಿನ ಪರದೆಯಲ್ಲಿ ನೋಡುತ್ತ ಅವನ ಬಲಗೈ ಸೋಫಾದ ತೋಳಿನ ಮೇಲೆ ತೆರೆದು ಮುಚ್ಚಿ ಮಾಡುತ್ತಿತ್ತು. ಅದೇ ವಾರ ಗೋಡೆಯಾಚೆ ದುರ್ಪತವ್ವ ಗಾಜಿನ ಮನೆಯ ಬಾಗಿಲು ತೆಗೆಯಲಾರದೆ ಒದ್ದಾಡುತ್ತಿದ್ದಳು. ಗಂಡ ತೀರಿದ ಮೂರು ವರ್ಷದಿಂದ ಕತ್ತರಿ ಕಾಣದ ಬಳ್ಳಿ ಒಳಗಿನಿಂದ ಬಾಗಿಲನ್ನೇ ಹಿಡಿದುಕೊಂಡಿತ್ತು. ಸ್ವಲ್ಪ ಓರಣ ಮಾಡಿಕೊಡಬಹುದೇ ಎಂದು ಅವಳು ಕೋಮಲಳ ಮೂಲಕ ಕೇಳಿದಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದಿಂಚು ಜಾಗ ಬಿಟ್ಟು, ಎಷ್ಟು ಸ್ವಲ್ಪವೆಂದೂ ತೋರಿಸಿದಳು. ಬಾಬಾಸಾಹೇಬ ಒಳಹೊಕ್ಕು ಆ ಕಾಡನ್ನು ನೋಡಿದ. ಎರಡೂ ಚಾಟ್ನಿಯ ಬಾಕಿಯನ್ನು ಒಂದೇ ದಿನ ತೀರಿಸಿದ. ಕತ್ತರಿಯ ಚಟ್ ಚಟ್ ಸದ್ದಿನಲ್ಲಿ ಹರ್ನಿಯಾ, ಪೆನ್ನಿ, ಕೆಂಪು ಪರದೆ ಎಲ್ಲ ಮರೆತು, ಮೂರು ತಾಸಿನ ಮೇಲೆ ತಿರುಗಿ ನೋಡಿದಾಗ ಎಲೆಯೆನ್ನುವುದು ಒಂದೂ ಉಳಿದಿರಲಿಲ್ಲ; ಕರಿಯ ಬೊಡ್ಡೆ, ಅದರ ಮೇಲೆ ಮೊಂಡು ಬೆರಳುಗಳಂಥ ತುಂಡು ಕಡ್ಡಿಗಳು. ಎಷ್ಟೊಂದು ಚೆಂದವೆನಿಸಿ ಅವನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ದುರ್ಪತವ್ವ ಅವನಿಗೆ ಚಹಾ ಹಿಡಿದು ಬಂದಳು. ಬಾಗಿಲಲ್ಲಿ ನಿಂತಳು.

"ಓ," ಎಂದಳು.

ಅಷ್ಟೇ. ಆ ಓಕಾರವನ್ನು ಅವನು ಐದು ತಿಂಗಳು ಹೊತ್ತುಕೊಂಡು ತಿರುಗಿದ್ದ. ಅಂದು ಮಾತ್ರ ಅದನ್ನು ಮೆಚ್ಚುಗೆಯೆಂದೇ ಬಗೆದು, ಎರಡೂ ಕೈಯ ಹತ್ತು ಬೆರಳು, ಆಮೇಲೆ ಒಂದು ಕೈಯ ಐದು ಬೆರಳು ಎತ್ತಿ ತೋರಿಸಿ, "ಹೇಳ ಕೋಮಲಾ, ಹದಿನೈದ ದಿನದಾಗ ಕಣ್ಣ ಒಡೀತಾವು. ಫೆಬ್ರುವರಿಗೆ ಬುಟ್ಟಿ ತುಂಬ ಹಣ್ಣ ತಿಂತಾಳಂತ ಹೇಳು," ಎಂದಿದ್ದ. ಕೋಮಲ ಹೇಳಿದ್ದಳು. ದುರ್ಪತವ್ವ ಕಪ್ಪು ಕೆಳಗಿಟ್ಟು, ಒಳಹೋಗಿ, ಇಪ್ಪತ್ತು ಪೌಂಡಿನ ನೋಟೊಂದನ್ನು ಲಕೋಟೆಯಲ್ಲಿ ಹಾಕಿ ತಂದು ಕೊಟ್ಟಿದ್ದಳು. ಆ ಸಂಜೆ ಅಳಿಯ ದುಂಡೇಶನಿಗೆ ಬೆವರು ಬಂದಿತ್ತು. "ಮಾಮಾ, ನಿಮ್ಮ ವೀಸಾದಾಗ ಕೆಲ್ಸ ಮಾಡಂಗಿಲ್ಲಂತ ಬರದೈತ್ರಿ. ರೊಕ್ಕ ತಗೊಂಡೀರಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ." ಬಾಬಾಸಾಹೇಬ ಆಗಲೇ ಊರಲ್ಲಿ ಹದಿಮೂರು ಜನಕ್ಕೆ ಫೋನ್ ಮಾಡಿ ಹೇಳಿಯಾಗಿತ್ತು. ನೋಟನ್ನು ಮಗಳ ಅಂಗೈಯಲ್ಲಿಟ್ಟು, "ಇದು ನನ್ನ ಊಟದ್ದು. ದುಡದದ್ದು," ಎಂದಾಗ ಬೆನ್ನು ಅವನಿಗರಿಯದೆ ನೆಟ್ಟಗಾಯಿತು, ಅಂದು ನಾಲ್ಕು ರೊಟ್ಟಿ ಉಂಡ. ಕೋಮಲ ಆ ನೋಟನ್ನು ಖರ್ಚು ಮಾಡಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಒಂದು ಅಯಸ್ಕಾಂತದ ಕೆಳಗೆ ಸಿಕ್ಕಿಸಿಟ್ಟಳು. ಇಟ್ಟದ್ದು ಅಭಿಮಾನದಿಂದಲೋ, ಅಪ್ಪನಿಗೆ ಬುದ್ಧಿ ಬರಲೆಂದೋ, ಅವನಿಗೆ ತಿಳಿಯಲಿಲ್ಲ.

ಹದಿನೈದನೆಯ ದಿನ ಕಣ್ಣು ಒಡೆಯಲಿಲ್ಲ. ಇಪ್ಪತ್ತನೆಯ ದಿನವೂ ಇಲ್ಲ. ಮೂವತ್ತನೆಯ ದಿನ ಮುಂಜಾನೆ ಗಾಜಿನ ಮೇಲೆ ಬಿಳಿಯ ಮಂಜು ಕಟ್ಟಿತ್ತು. ಬಾಬಾಸಾಹೇಬ ತಮ್ಮನಿಗೆ ಫೋನ್ ಹಚ್ಚಿದ.

"ಕಣ್ಣ ಒಡ್ಯಾಕ ಕಡ್ಡಿಗೆ ಔಷಧ ಹಚ್ಚೀದಿ ಏನ್ ದಾದಾ?" ಎಂದು ಈಶ್ವರ ಕೇಳಿದ.

"ಇಲ್ಲೆಲ್ಲಿ ಸಿಗಬೇಕೋ?"

"ಥಂಡಿ ಎಷ್ಟೈತಿ ಅಲ್ಲಿ?"

"ಎರಡು."

"ಎರಡು ಅಂದ್ರ ಇಪ್ಪತ್ತೆರಡೇನು?"

"ಎರಡ ಅಂದ್ರ ಎರಡಲೇ."

ಈಶ್ವರನ ಹಿಂದೆ ತೋಟದಲ್ಲಿ ಯಾರೋ ಔಷಧ ಹೊಡೆಯುವ ಯಂತ್ರದ ಸದ್ದು ಕೇಳುತ್ತಿತ್ತು. "ಹಂಗಾದ್ರ ಬಳ್ಳೀ ವಿಚಾರ ಬಿಡ್ ದಾದಾ," ಎಂದ ಕೊನೆಗೆ. "ನೀ ಹೆಂಗದಿ?"

ಬದುಕಿದೆಯೋ ಸತ್ತಿದೆಯೋ ತಿಳಿಯುವುದು ಕಷ್ಟವಿರಲಿಲ್ಲ. ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರಿದ್ದರೆ ಜೀವ, ಕಂದಿದ್ದರೆ ಕಟ್ಟಿಗೆ. ಕತ್ತರಿಯಿಂದ ತುದಿಯೊಂದನ್ನು ತೆಗೆದರೆ ಇನ್ನೂ ಖಚಿತ. ಊರಲ್ಲಿ ಅಳಿದ ಬಳ್ಳಿಯನ್ನು ದಾರಿಯಲ್ಲಿ ಹೋಗುತ್ತಲೇ ಗುರುತಿಸಿ, ಇದನ್ನು ಕೀಳಿಸು ಎಂದು ತೋಟದವನಿಗೆ ಹೇಳಿ ಮುಂದೆ ಹೋಗುವವನು, ಇಲ್ಲಿ ಆ ಒಂದು ಉಗುರಿನ ಕೆಲಸವನ್ನು ನವೆಂಬರಿನಿಂದ ಡಿಸೆಂಬರಿಗೆ, ಡಿಸೆಂಬರಿನಿಂದ ಜನವರಿಗೆ ದೂಡಿದ. ಕೆರೆಯದಿರುವಷ್ಟು ದಿನ ಬಳ್ಳಿ ಸಾಯುವುದಿಲ್ಲ ಎಂಬ ಲೆಕ್ಕ ಅವನದಾಗಿತ್ತು. ದುರ್ಪತವ್ವನ ಕಣ್ಣಿಗೆ ಬೀಳದಂತೆ ಕಸದ ಡಬ್ಬಿಯನ್ನು ನಸುಕಿನಲ್ಲೇ ಹೊರಗಿಟ್ಟು ಬರುತ್ತಿದ್ದ. ಅವಳು ಅಡುಗೆಮನೆಯ ಕಿಟಕಿಯಲ್ಲಿ ಕಂಡರೆ ಆಕಾಶದಲ್ಲಿ ವಿಮಾನ ಹುಡುಕುತ್ತಿದ್ದ. 'ಓ' ಅಂದರೇನೆಂದು ಕೋಮಲಳನ್ನು ಕೇಳಿದ್ದಕ್ಕೆ ಅವಳು, "ಓ ಅಂದ್ರ ಓನ ಅಪ್ಪಾ," ಎಂದಿದ್ದಳು. ಅವನಿಗದು ಸಮಾಧಾನ ತರಲಿಲ್ಲ. ಬಸ್ಸು ತಪ್ಪಿದಾಗ ಜನ ಹೇಳುವ ಓ, ಅಂಗಡಿಯಲ್ಲಿ ಮೊಟ್ಟೆ ಒಡೆದಾಗ ಹೇಳುವ ಓ, ಯಾರೋ ತೀರಿದರೆಂದು ಕೇಳಿ ದುಂಡೇಶ ಫೋನಿನಲ್ಲಿ ಹೇಳುವ ಓ, ಇವನ್ನೆಲ್ಲ ಕಿವಿಗೊಟ್ಟು ಆಲಿಸಿ ಬೇರೆ ಬೇರೆ ಇಟ್ಟು ನೋಡಿದ. ದುರ್ಪತವ್ವನದು ಮೂರನೆಯದಕ್ಕೆ ಹೊಂದಿತು. ಊಟ ಮತ್ತೆ ಎರಡು ರೊಟ್ಟಿಗೆ ಇಳಿಯಿತು. ಅಳಿಯ ಕೊಟ್ಟ ಪ್ಯಾಂಟಿನ ಬೆಲ್ಟಿಗೆ ಜನವರಿಯಲ್ಲಿ ಮೊಳೆಯಿಂದ ಹೊಸದೊಂದು ತೂತು ಕೊರೆಯಬೇಕಾಯಿತು. ಫ್ರಿಜ್ಜಿನ ಮೇಲಿನ ನೋಟಿನೊಳಗಿನ ಮುಖ, ಹಾಲು ತೆಗೆಯಲು ಹೋದಾಗಲೆಲ್ಲ, ಹಣ್ಣು ಯಾವಾಗ ಎಂದು ಕೇಳುತ್ತಿತ್ತು. ಹೋದ ವಾರ ಅಂಗಡಿಯಲ್ಲಿ ದ್ರಾಕ್ಷಿಯ ಸಣ್ಣದೊಂದು ಡಬ್ಬಿಯ ಮೇಲೆ ಇಂಡಿಯಾ ಎಂದು ಬರೆದಿತ್ತು. ಅರ್ಧ ಕಿಲೋಕ್ಕೆ ಎರಡೂಕಾಲು ಪೌಂಡ್. ಊರಲ್ಲಿ ಆ ಬೆಲೆಗೆ ವ್ಯಾಪಾರಿ ಎಷ್ಟು ಕಿಲೋ ಎತ್ತಿಕೊಂಡು ಹೋಗುತ್ತಾನೆಂಬುದು ನಾಲಿಗೆಯ ತುದಿಗೆ ಬಂತು, ನುಂಗಿದ. ಕಾಳು ತೀರ ಒತ್ತಾಗಿ ಬಿಟ್ಟಿದ್ದವು, ಎಳೆಯ ಗೊಂಚಲನ್ನು ಬಿಡಿಸಿ ತೆಳುಮಾಡುವಾಗ ಯಾರೋ ಆಲಸ್ಯ ಮಾಡಿದ್ದರು. ಆ ಡಬ್ಬಿಯನ್ನು ಕೊಂಡು, ಹೆಸರಿನ ಚೀಟಿ ಕಿತ್ತು, ಗೊಂಚಲನ್ನು ಗುಟ್ಟಾಗಿ ಗಾಜಿನ ಮನೆಯ ಕಡ್ಡಿಗೆ ದಾರದಿಂದ ಕಟ್ಟಿ ಬಂದರೆ ಹೇಗೆ ಎಂದು ಅವನು ಅಲ್ಲಿ ನಿಂತು ನಿಜವಾಗಿಯೂ ಯೋಚಿಸಿದ್ದ. ಎರಡೂಕಾಲು ಪೌಂಡ್ ಎಂಬುದೊಂದೇ ಅವನನ್ನು ತಡೆದದ್ದು.

"ಅಪ್ಪಾ, ಫ್ರಿಜ್ಜಿನ ಮ್ಯಾಗಿನ ನೋಟ ಎಲ್ಲೈತಿ?"

ಕೋಮಲ ಕೈಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಈ ರವಿವಾರದ ಮಧ್ಯಾಹ್ನದ ಬಿಸಿಲು ಪರದೆಯ ಮೇಲೆ ಬಿದ್ದು ಅದರ ಹಸಿರು ಕಾಣದಾಗಿತ್ತು.

"ಕಿಸೇದಾಗೈತಿ."

"ಯಾಕ?"

"ತಿರಿಗಿ ಕೊಟ್ಟ ಬರತೇನಿ ಆ ಮುದಕಿಗೆ. ಬಳ್ಳಿ ಕೊಂದ ಕೂಲಿ ನನಗ ಬ್ಯಾಡ."

"ಐದ ತಿಂಗಳ ಮ್ಯಾಲೆ? ಆ ರೊಕ್ಕದ ಮ್ಯಾಲೆ ಉಣ್ಣಾಕತ್ತೀನಿ ಅಂತ ಊರಿಗೆಲ್ಲಾ ಫೋನ್ ಮಾಡಿ ಡಂಗರಾ ಹೊಡದಿ."

"ಅದಕ್ಕs ಕೊಡೂದು. ಕೊಟ್ಟ ಮ್ಯಾಲೆ ನಿಂದು ಎಷ್ಟಾಗೈತಿ ನೋಡಿ, ಊರಿಗೆ ಹೋಗಿ ಮನಿ ದ್ರಾಕ್ಷಿ ಮಾರಿ ಕಳಸ್ತೇನಿ."

"ನಂದ ಎಷ್ಟಾಗೈತಿ?" ಕೋಮಲಳ ದನಿ ಏರಿತು. ದವಾಖಾನೆಯಲ್ಲಿ ಮಾತು ಕೇಳದ ರೋಗಿಗಳಿಗೆಂದು ಇಟ್ಟುಕೊಂಡ ದನಿಯಿರಬೇಕು ಅದು. "ಹನ್ನೊಂದ ಕಿಲೋ ಇಳದೀ ನೀ. ನನಗ ಗೊತ್ತಾಗಂಗಿಲ್ಲ ಮಾಡೀಯೇನು? ದಿನಾ ಇಪ್ಪತ್ತ ಮಂದಿ ತೂಕಾ ಬರಕೋತೇನಿ ನಾ. ಮನ್ಯಾಗ ಹೀಟರ ಬಂದ ಮಾಡಿ ಕೋಟ ಹಾಕ್ಕೊಂಡ ಕೂಡತೀ ಅಂತ ಆ ದುರ್ಪತವ್ವನ ಹೇಳ್ಯಾಳ ನನಗ, ಕಿಟಕ್ಯಾಗಿಂದ ನೋಡಿ. ಎಲ್ಲಾ ಆ ಮುತ್ಯಾನ ಉಡದಾರದ ಸಲುವಾಗಿ."

"ಮುತ್ಯಾನ ಸುದ್ದಿ ತಗೀಬ್ಯಾಡ."

"ತಗೀತೇನಿ. ನಿಮ್ಮ ದಿಗ್ಗೇವಾಡಿ ಅತ್ತಿ ಮಗ ಸಂಭಾಜಿ ಕಾಕಾ ನನ್ನ ಲಗ್ನದಾಗ ಏನ್ ಹೇಳ್ಯಾನ ಗೊತ್ತೈತಿ ಏನು? ಮುತ್ಯಾ ಒಂಬತ್ತ ದಿನಾ ಎರಡೂ ಹೊತ್ತ ಕುಂತ ಉಂಡನಂತ. ಬುತ್ತೀನೂ ಇಲ್ಲ, ಮೇವೂ ಇಲ್ಲ. ನಾಕನೇ ದಿನಕ್ಕ ಮನ್ಯಾಗ ಜ್ವಾಳ ತೀರಿ ಓಣ್ಯಾಗ ಕಡಾ ತಂದ್ರಂತ."

"ಸುಳ್ಳ! ಮತ್ತ ಉಡದಾರ ಯಾಕ ಬಿಚ್ಚಿ ಕೊಟ್ಟ?"

"ಉಂಡ ಉಂಡ ಬಿಗಿ ಆಗಿತ್ತಂತಪಾ!"

ಅರವತ್ತು ವರ್ಷ ತಲೆಯೆತ್ತಿ ನಿಂತಿದ್ದ ಮುತ್ಯಾ ಬಾಬಾಸಾಹೇಬನ ಕಣ್ಣೆದುರೇ ದಿಗ್ಗೇವಾಡಿಯ ಪಡಸಾಲೆಯಲ್ಲಿ ಚಕ್ಕಳಬಕ್ಕಳ ಹಾಕಿ ಕುಳಿತು ಮಗಳ ಕಡೆ ತಾಟು ಚಾಚುತ್ತಿದ್ದ. ಈ ಪಾಠ ಸುಳ್ಳೇ ಇರಬೇಕು. ದಿಗ್ಗೇವಾಡಿಯವರು ಮೊದಲಿನಿಂದಲೂ ಹಾಗೆಯೇ. ಆದರೂ ನೋಟು ಅವನ ಕಿಸೆಯಲ್ಲೇ ಉಳಿಯಿತು, ಮತ್ತು ನಾಲ್ಕಕ್ಕೆ ಐದು ನಿಮಿಷವಿದ್ದಾಗ ತಂದೆ ಮಗಳು ಗೋಡೆಯನ್ನು ಸುತ್ತಿ ಹೋಗಿ ದುರ್ಪತವ್ವನ ಬಾಗಿಲು ಬಡಿದರು.

ಒಳಗೆ ಬೆಚ್ಚಗಿತ್ತು. ಇಲ್ಲಿಯ ಪರದೆ ಯಾವ ಬಣ್ಣದಲ್ಲಿದೆಯೋ ಎಂದು ಅವನ ಕಣ್ಣು ತಾನಾಗಿ ಹುಡುಕಿತು. ತಟ್ಟೆಯ ತುಂಬ ಬಿಸ್ಕೀಟು. ಒಂದನ್ನು ತೆಗೆದುಕೊಂಡು ಅರ್ಧ ಕಚ್ಚಿ ಹಿಡಿದುಕೊಂಡ. ದುರ್ಪತವ್ವ ಕೈಗಳನ್ನು ತೊಡೆಯ ಮೇಲೆ ಒಂದರೊಳಗೊಂದು ಹೆಣೆದು, ಮುಂಚಿತವಾಗಿ ಅಭ್ಯಾಸ ಮಾಡಿದವಳಂತೆ ಬಹಳ ಹೊತ್ತು ಮಾತಾಡಿದಳು. ಬಾಬಾಸಾಹೇಬ ನೆಲದ ಕಂಬಳಿಯ ಹೂಗಳನ್ನು ನೋಡುತ್ತ ಕುಳಿತಿದ್ದ.

ಕೋಮಲ ಅವನ ಕಡೆ ತಿರುಗಿದಳು. ಅವಳ ತುಟಿಯ ಮೂಲೆ ಅದುರುತ್ತಿತ್ತು. "ಏನ ಹೇಳಾಕತ್ತಾರಂದ್ರ ಅಪ್ಪಾ, ನಾಳೆ ಮುಂಜಾನಿ ಒಬ್ಬಾಂವ ಗರಗಸ ತಗೊಂಡ ಬರತಾನಂತ. ಬಳ್ಳಿ ಬುಡಮಟ ತಗಸ್ತಾರಂತ. ನೀ ಮನಸಿಗೆ ಹಚ್ಕೋಬಾರದಂತ. ತಪ್ಪೆಲ್ಲಾ ಅವರದಂತ. ನಮ್ಮ ಕಡೆ ಇಷ್ಟ ಲಗೂನ ಕಡಿಯೂದಿಲ್ಲಂತ ಅವತ್ತ ಹೇಳಬೇಕಿತ್ತಂತ. ಆದ್ರ ನೀ ಅಷ್ಟ ಖುಷೀಲೆ ಕಡ್ಯಾಕತ್ತಿದ್ದೀ, ನಡುವ ಬಾಯಿ ಹಾಕೂದು ಬರೋಬ್ಬರಿ ಅನಸಲಿಲ್ಲಂತ. ಆವಾಗಿಂದ ನಿನಗ ಮಾರಿ ತೋರಸಾಕ ನಾಚಿಕಿ ಆಗಿ, ನೀ ಹಿತ್ತಲದಾಗ ಇಲ್ಲದ್ದ ನೋಡಿ ಅರಬಿ ಒಣಾಕ ಹಾಕ್ತಿದ್ರಂತ."

"ಗರಗಸದಾಂವ ಎಷ್ಟ ತಗೋತಾನಂತ?"

"ಎಂಬತ್ತ ಪೌಂಡ."

ಕೊಲ್ಲಲು ಇಪ್ಪತ್ತು, ಹೆಣ ಎತ್ತಲು ಎಂಬತ್ತು. ಅರ್ಧ ಬಿಸ್ಕೀಟು ಅವನ ಬೆರಳುಗಳ ನಡುವೆ ಪುಡಿಯಾಯಿತು. ಒಂದು ವೇಳೆ ಅದು ಬದುಕಿದ್ದರೆ? ಬದುಕಿದ್ದನ್ನು ನಾಳೆ ಕೊಯ್ದು ಹಾಕಿದರೆ, ಅದು ಅಕ್ಟೋಬರಿನಲ್ಲಿ ಸತ್ತದ್ದಾಗುವುದಿಲ್ಲ. ಒಂದು ಉಗುರಿನ ಕೆಲಸಕ್ಕೆ ಹೆದರಿ ಕುಳಿತವನು ಇಂದು ಕೊಂದದ್ದಾಗುತ್ತದೆ. ಅವನು ಎದ್ದು ನಿಂತ. "ಕತ್ರಿ ಕೇಳು," ಎಂದ.

ಗಾಜಿನ ಮನೆಯೊಳಗೆ ಹಳೆಯ ಮಣ್ಣಿನ ವಾಸನೆಯಿತ್ತು, ಮಾರ್ಚಿನ ಬಿಸಿಲು ನಿಂತು ಕಾವು ಕಟ್ಟಿತ್ತು. ದುರ್ಪತವ್ವನ ಗಂಡನ ಕತ್ತರಿ ಅವನ ಅಂಗೈಗೆ ಅಕ್ಟೋಬರಿನಲ್ಲಿ ಹೇಗೋ ಹಾಗೆಯೇ ಕುಳಿತುಕೊಂಡಿತು. ಕಡ್ಡಿಗಳು ಬೂದು, ಬೋಳು. ತುದಿಗಳು ಒಣಗಿ ಸೀಳಿದ್ದವು. ನಡುವಿನ ಕಡ್ಡಿಯೊಂದನ್ನು ಹಿಡಿದ, ಬಿಟ್ಟ, ಅದರ ಮಗ್ಗುಲಿನದನ್ನು ಹಿಡಿದ. ಹಿಂದೆ ಇಬ್ಬರು ಹೆಂಗಸರ ಉಸಿರು ಕೇಳುತ್ತಿತ್ತು. ತೋಟದಲ್ಲಿ ಒಂದು ದಿನಕ್ಕೆ ನಾಲ್ಕು ಸಾವಿರ ಸಲ ಮುಚ್ಚಿ ತೆರೆಯುತ್ತಿದ್ದ ಕೈ ಇಂದು ಒಮ್ಮೆ ಮುಚ್ಚಲು ಒಲ್ಲೆನೆಂದಿತು. ಕಣ್ಣು ಮುಚ್ಚಿಕೊಂಡ. ಚಟ್.

ತುಂಡು ಕೆಳಗೆ ಬಿತ್ತು. ಏನೂ ಆಗಲಿಲ್ಲ. ಅವನು ಕಣ್ಣು ತೆರೆಯಲಿಲ್ಲ. ಶನಿವಾರದ ವಿಮಾನದಲ್ಲಿ ಕುಳಿತು ಕಣ್ಣು ತೆರೆದರಾಯಿತೆಂದು ಅವನಿಗೆ ಅನಿಸುತ್ತಿರುವಾಗ, ಮಣಿಕಟ್ಟಿನ ಮೇಲೆ ತಣ್ಣಗೆ ಏನೋ ತಾಗಿತು. ಇನ್ನೊಂದು ತಾಗಿತು. ನೋಡಿದ: ಕಡಿದ ಮುಖ ಹಸಿ ಬೆಣ್ಣೆಯ ಬಣ್ಣಕ್ಕಿತ್ತು, ಅದರ ಅಂಚಿನಲ್ಲಿ ಒಂದು ಹನಿ ದಪ್ಪವಾಗುತ್ತ, ತೂಗುತ್ತ, ಬೀಳಲು ಪುರುಸೊತ್ತು ಮಾಡಿಕೊಳ್ಳುತ್ತಿತ್ತು.

"ನೀರ ಬಿಡಾಕತ್ತೈತಿ!" ಎಂದು ಅವನು ಕೂಗಿದ ಕೂಗಿಗೆ ಗಾಜು ಝಣ್ ಎಂದಿತು. "ಕೋಮಲಾ, ನೀರ ಬಿಡಾಕತ್ತೈತಿ ನೋಡs!"

"ಓ!" ಎಂದಳು ದುರ್ಪತವ್ವ.

ಅದೇ ಓ. ರಾಗ, ಎಳೆತ ಒಂದೂ ಬೇರೆಯಿರಲಿಲ್ಲ. ಬಾಬಾಸಾಹೇಬ ಅವಳ ಮುಖವನ್ನೇ ನೋಡುತ್ತ ನಿಂತ. ಹನಿ ನಿಲ್ಲದೆ ಬೀಳುವುದನ್ನು ಕಂಡು ಅವಳಿಗೆ ಗಾಬರಿಯಾಯಿತು. ಬಳ್ಳಿಗೆ ರಕ್ತ ಹೋಗುತ್ತಿದೆ, ಹೀಗೇ ಬಿಟ್ಟರೆ ಸೊರಗುತ್ತದೆ ಎಂದು ಏನೇನೋ ಹೇಳುತ್ತ ಮನೆಯೊಳಗೆ ಓಡಿ, ಗಾಯಕ್ಕೆ ಅಂಟಿಸುವ ಪಟ್ಟಿಗಳ ಡಬ್ಬಿಯನ್ನು ತಂದು ಕೋಮಲಳ ಕೈಗಿತ್ತು, ನರ್ಸು ನೀನೇ ಅಲ್ಲವೇ ಎಂಬಂತೆ ನೋಡಿದಳು. ಕೋಮಲ ಗಾಜಿಗೆ ಒರಗಿ ನಗುತ್ತಿದ್ದಳು, ಕಣ್ಣಲ್ಲಿ ನೀರು.

"ಕಟ್ಟವಾ, ಪಟ್ಟಿ ಕಟ್ಟು. ಆಕೀ ಸಮಾಧಾನಕ್ಕರ ಆಗಲಿ," ಎಂದ ಬಾಬಾಸಾಹೇಬ. "ಅದು ರಗತ ಅಲ್ಲ ಅಂತ ಹೇಳು. ಬೇರ ಎಚ್ಚರಾಗಿ ನೀರ ಮ್ಯಾಲೆ ದೂಡಾಕತ್ತೈತಿ. ಗರಗಸದಾಂವಗ ಬರಬ್ಯಾಡ ಅನ್ನು. ಇನ್ನೇನ ಹದಿನೈದ ದಿನದಾಗ..."

"ಅಪ್ಪಾ," ಎಂದಳು ಕೋಮಲ, "ದಿನದ ಲೆಕ್ಕಾ ಹೇಳಬ್ಯಾಡ."

ಅವನು ಎತ್ತಿದ್ದ ಬೆರಳುಗಳನ್ನು ಮಡಿಸಿಕೊಂಡ. ಮಡಿಸಿದ ಕೈ ಕಿಸೆಗೆ ಹೋಯಿತು. ಒಳಗೆ ನೋಟು ಗರಿಗರಿಯಾಗಿತ್ತು. ಅದನ್ನು ಒಮ್ಮೆ ಮುಟ್ಟಿ, ಅಲ್ಲೇ ಬಿಟ್ಟು, ತಿರುಗಿ ಚಹಾದ ಕೋಣೆಗೆ ಬಂದು ತಟ್ಟೆಯಲ್ಲಿದ್ದ ಬಿಸ್ಕೀಟುಗಳನ್ನು ದುರ್ಪತವ್ವ ಬೆರಗಾಗುವಂತೆ ಒಂದಾದ ಮೇಲೊಂದು ತಿಂದ.

ಆರು ಗಂಟೆಗೆ ದುಂಡೇಶ ಕೆಲಸದಿಂದ ಬಂದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಡೆದಿತ್ತು. ಪರದೆ ಕೆಂಪಗಿತ್ತು; ಬಾಬಾಸಾಹೇಬ ಅದಕ್ಕೆ ಬೆನ್ನು ಮಾಡಿ ಕುಳಿತಿದ್ದ. ಎರಡನೆಯ ರೊಟ್ಟಿ ಮುಗಿಸಿ ತಾಟು ಚಾಚಿದ. ಮೂರನೆಯದು ಮುಗಿಸಿ ಚಾಚಿದ. ನಾಲ್ಕನೆಯದರ ಮೇಲೆ ಬೆಲ್ಟನ್ನು ಜನವರಿಯ ತೂತಿನಿಂದ ಬಿಡಿಸಿ ಹಿಂದಿನದಕ್ಕೆ ಸೇರಿಸಿದ; ಕೋಮಲ ಅದನ್ನು ಕಂಡೂ ಕಾಣದವಳಂತೆ ಹಂಚಿನ ಕಡೆ ತಿರುಗಿದಳು. ಐದನೆಯದಕ್ಕೆ ಚಾಚಿದಾಗ ಅವಳು ಹಿಟ್ಟಿನ ಡಬ್ಬಿಯನ್ನು ಬೋರಲು ಮಾಡಿ ತೋರಿಸಿದಳು.

"ತೀರಿತ ಅಪ್ಪಾ. ಇದ್ದಿದ್ದ ಅಷ್ಟs."

ಬಾಬಾಸಾಹೇಬ ಎಡಗೈಯನ್ನು ಕಿಸೆಗೆ ಹಾಕಿ ನೋಟನ್ನು ತೆಗೆದ, ತೊಡೆಯ ಮೇಲಿಟ್ಟು ಮಡಿಕೆ ಒರೆಸಿ ನೇರ ಮಾಡಿದ, ಅಳಿಯನ ಮುಂದೆ ಸರಿಸಿದ.

"ನಾಳೆ ಲೀಸ್ಟರದಿಂದ ತರ್ರಿ ದುಂಡೇಶ. ಐದ ಕಿಲೋ ತರ್ರಿ," ಎಂದ. "ಶನಿವಾರತನಾ ನಾ ಇಲ್ಲೇ ಅದೇನಿ."